ಹಣೆಯ ಮೇಲಿನ ಗಂಟು

ಇದು ಆಗುವ ಹೋಗುವ ಮಾತಲ್ಲ ಎಂದು ಮೊದಲು ಹೇಳಿದವರು ನನ್ನ ಸೋದರಮಾವ, ಅಮ್ಮನ ಅಣ್ಣ. ಕ್ವಾರಿಯಲ್ಲಿ ಜಂಬಿಟ್ಟಿಗೆ ಕಲ್ಲು ಕಡಿದು ಕಡಿದು ಬಲತೋಳು ಎಡತೋಳಿಗಿಂತ ದಪ್ಪಗಾಗಿರುವ ಮನುಷ್ಯ. ಅಕ್ಕ ಹಿಮಾಲಯಕ್ಕೆ ಹೋಗಿ ಪರ್ವತ ಹತ್ತುವ ತರಬೇತಿ ಮುಗಿಸಿ ಸರ್ಟಿಫಿಕೇಟ್ ತರುತ್ತಾಳೆ ಎಂದು ನಾನು ಹೇಳಿದಾಗ ಅವರು ನಮ್ಮ ಜಗುಲಿಯ ಮೇಲೆ ಕುಳಿತು ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದರು. ಸವರುವುದನ್ನು ನಿಲ್ಲಿಸಲಿಲ್ಲ.

“ಹಿಮಾಲಯ ಎಂತಕ್ಕೆ? ಅಲ್ಲಿ ಕಲ್ಲು ಹೊರೋಕೆ ಜನ ಕಮ್ಮಿ ಬಿದ್ದಿದಾರಂತಾ?”

ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ. ನಾನು ಸಾಗರದಲ್ಲಿ ಡಿಗ್ರಿಗೆ ಸೇರಿದಾಗಲೂ ಇದೇ ಮಾವ ಇದೇ ಜಾಗದಲ್ಲಿ ಕುಳಿತು, “ಕಲ್ಲು ಹೊರೋರ ಮನೇಲಿ ಡಿಗ್ರಿ ಅಂದ್ರೆ ಸೋಗೆ ಮನೆಗೆ ಲಿಫ್ಟ್ ಇಟ್ಟಂಗೆ” ಎಂದಿದ್ದರು. ನಾನು ಡಿಗ್ರಿ ಮುಗಿಸಿದೆ. ಆಮೇಲೆ ದೈಹಿಕ ಶಿಕ್ಷಣದಲ್ಲಿ ಬಿ.ಪಿ.ಎಡ್. ಕೂಡ ಮುಗಿಸಿದೆ. ನಮ್ಮ ಅಪ್ಪನ ಕಡೆಯಲ್ಲಾಗಲಿ ಅಮ್ಮನ ಕಡೆಯಲ್ಲಾಗಲಿ ಕಾಲೇಜಿನ ಮೆಟ್ಟಿಲು ಹತ್ತಿ ಇಳಿದವಳು ನಾನೇ ಮೊದಲನೆಯವಳು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕಷ್ಟಪಟ್ಟಿದ್ದೇನೆ, ಹೇಳಿಕೊಳ್ಳುತ್ತೇನೆ. ಆದರೆ ಹೇಳಿಕೊಂಡಾಗಲೆಲ್ಲ ಬಾಯಲ್ಲಿ ಒಂದು ಒಗರು ಉಳಿಯುತ್ತದೆ. ಆ ಒಗರು ಎಲ್ಲಿಂದ ಬಂತು ಎಂಬುದೇ ಈ ಬರಹ.

ಅಪ್ಪ ತೀರಿಕೊಂಡ ವರ್ಷ ಅಕ್ಕ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಹೊಸನಗರದ ಕಾಲೇಜಿನಿಂದ ಅರ್ಜಿ ತಂದಿಟ್ಟುಕೊಂಡಿದ್ದಳು. ಅದನ್ನು ತುಂಬಲಿಲ್ಲ. ಮಾರನೆಯ ವಾರದಿಂದ ಅಮ್ಮನ ಹಿಂದೆ ಕ್ವಾರಿಗೆ ಹೋದಳು. ಯಾರೂ ಹೋಗು ಎನ್ನಲಿಲ್ಲ, ಯಾರೂ ಬೇಡ ಎನ್ನಲಿಲ್ಲ. ನಾನು ಆಗ ಮಿಡ್ಲ್ ಸ್ಕೂಲಿನಲ್ಲಿದ್ದೆ. ಅಕ್ಕನ ಪುಸ್ತಕಗಳಿಗೆ ನನ್ನ ಹೆಸರು ಬರೆದುಕೊಂಡು ಖುಷಿಪಟ್ಟದ್ದು ಮಾತ್ರ ನೆನಪಿದೆ.

ಜಂಬಿಟ್ಟಿಗೆ ಕಲ್ಲು ನೋಡಲು ಮೆತ್ತಗೆ, ಕೆಂಪಗೆ, ತೂತು ತೂತು. ಹೊತ್ತವರಿಗೇ ಗೊತ್ತು ಅದರ ಭಾರ. ಗುಂಡಿಯ ತಳದಲ್ಲಿ ಗಂಡಸರು ಕಡಿದುಕೊಟ್ಟದ್ದನ್ನು ಹೆಂಗಸರು ಮೇಲೆ ಲಾರಿ ನಿಲ್ಲುವಲ್ಲಿಗೆ ಹೊರಬೇಕು. ತಲೆಯ ಮೇಲೆ ಬಟ್ಟೆಯ ಸಿಂಬೆ, ಸಿಂಬೆಯ ಮೇಲೆ ಕಲ್ಲು. ಕಲ್ಲು ಹೊರುವವರಿಗೆ ಅವರದೇ ಮದ್ದು ಇದೆ. ತಲೆ ಸಿಡಿಯುತ್ತಿದ್ದರೆ ಒಂದು ಬಟ್ಟೆಯನ್ನು ತಲೆಯ ಸುತ್ತ ಬಿಗಿಯಾಗಿ ಕಟ್ಟಿ ಗಂಟನ್ನು ಹಣೆಯ ಮೇಲೆ, ಹುಬ್ಬಿನ ನೇರಕ್ಕೆ ತಂದು ಒತ್ತಬೇಕು. ಅದರ ಮೇಲೆ ಸಿಂಬೆ ಇಟ್ಟು, ಇದ್ದುದರಲ್ಲಿ ದೊಡ್ಡ ಕಲ್ಲನ್ನೇ ಆರಿಸಿ ಹೊರಬೇಕು. ನೋವು ಕಲ್ಲಿಗೆ ಹೋಗುತ್ತದೆ, ಕಲ್ಲು ಲಾರಿಗೆ ಹೋಗುತ್ತದೆ, ಲಾರಿ ಸಾಗರಕ್ಕೆ ಹೋಗುತ್ತದೆ. ಅಮ್ಮ ಹೀಗೇ ಹೇಳುತ್ತಿದ್ದಳು. ಸಾಗರದಲ್ಲಿ ಓದುವಾಗ ಹೊಸ ಕಾಂಪೌಂಡ್ ಗೋಡೆಗಳನ್ನು ನೋಡಿ, ಇದರಲ್ಲಿ ನಮ್ಮಮ್ಮನ ಯಾವ ತಲೆನೋವು ಕೂತಿದೆಯೋ ಎಂದುಕೊಳ್ಳುತ್ತಿದ್ದೆ.

ಇನ್ನೊಂದು ನಿಯಮ ಇತ್ತು. ನೋವನ್ನು ಬಾಯಿಬಿಟ್ಟು ಹೇಳಬಾರದು. “ನೋವು ಅಂದೋಳನ್ನ ಮೇಸ್ತ್ರಿ ನಾಳೆ ಕರಿಯಲ್ಲ” ಎನ್ನುವುದು ಅಮ್ಮನ ಮಾತು. ಗಂಟು ಕಂಡರೆ ಜೊತೆಯ ಹೆಂಗಸರಿಗೆ ಅರ್ಥವಾಗುತ್ತಿತ್ತು. ಅವರು ಏನೂ ಕೇಳದೆ ಕಲ್ಲನ್ನು ಎತ್ತಿ ತಲೆಯ ಮೇಲಿಡಲು ಕೈ ಜೋಡಿಸುತ್ತಿದ್ದರು. ಅಷ್ಟೆ.

ನಾನು ಓಡುವುದನ್ನು ಕಲಿತದ್ದು ಸಾಗರದ ಕಾಲೇಜಿನಲ್ಲಿ. ರಜೆಗೆ ಮನೆಗೆ ಬಂದಾಗಲೂ ಬೆಳಿಗ್ಗೆ ರಸ್ತೆಯಲ್ಲಿ ಓಡಿ ಬಂದು ಅಂಗಳದಲ್ಲಿ ಏದುಸಿರು ಬಿಡುತ್ತ ನಿಂತರೆ, ಕ್ವಾರಿಗೆ ಹೊರಟ ಅಮ್ಮ ಬುತ್ತಿ ಹಿಡಿದು ನನ್ನನ್ನೇ ನೋಡುವಳು.

“ಯಾರಾರೂ ಅಟ್ಟಿಸ್ಕಂಡು ಬಂದ್ರಾ?”

“ಇಲ್ಲಮ್ಮ, ಎಕ್ಸರ್‌ಸೈಜು.”

“ಸುಮ್ಮನೆ ಓಡದಾ? ಓಡಿ ಮತ್ತೆ ಅಲ್ಲಿಗೇ ಬರದಾ?”

ಹೌದು ಎನ್ನಲು ನಾಚಿಕೆಯಾಗುತ್ತಿತ್ತು. ಅವಳು ಜಗುಲಿಯ ಮೆಟ್ಟಿಲನ್ನು ಪಕ್ಕಕ್ಕೆ ತಿರುಗಿ, ಒಂದೊಂದಾಗಿ ಇಳಿದು ಹೋಗುವಳು. ಅದು ಅಮ್ಮ ಇಳಿಯುವ ರೀತಿ ಎಂದು ನಾವೆಲ್ಲ ತಿಳಿದಿದ್ದೆವು. ಕೆಲವರು ಎಡಗೈಯಲ್ಲಿ ಬರೆಯುವುದಿಲ್ಲವೇ, ಹಾಗೆ. ಆಮೇಲೆ ಬಿ.ಪಿ.ಎಡ್.ನಲ್ಲಿ ದೇಹ ದುಡಿಯುವಾಗ ಒಳಗೆ ಏನಾಗುತ್ತದೆ ಎಂದು ಓದಿದೆ. ದುಡಿಯುವ ಸ್ನಾಯು ಉಸಿರನ್ನು ಕೇಳುತ್ತದೆ, ಹೃದಯ ಬೇಗ ಬೇಗ ರಕ್ತ ತಳ್ಳುತ್ತದೆ. ಅಭ್ಯಾಸವಾದಂತೆ ಹೃದಯ ಪಳಗಿ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ಕಳಿಸುತ್ತದೆ, ಆದ್ದರಿಂದ ಸುಮ್ಮನಿರುವಾಗ ನಿಧಾನವಾಗಿ ಬಡಿದರೂ ಸಾಕಾಗುತ್ತದೆ. ಪುಸ್ತಕದಲ್ಲಿ ಎಲ್ಲ ಉದಾಹರಣೆಗಳೂ ಓಟಗಾರರದ್ದು, ಈಜುಗಾರರದ್ದು. ಕಲ್ಲು ಹೊರುವವರದ್ದು ಒಂದೂ ಇರಲಿಲ್ಲ.

ನನಗೆ ತೀರ್ಥಹಳ್ಳಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಕೆಲಸ ಸಿಕ್ಕಿತು. ಅಷ್ಟು ಹೊತ್ತಿಗೆ ಅಕ್ಕನೂ ಕ್ವಾರಿ ಬಿಟ್ಟಿದ್ದಳು. ಕೊಡಚಾದ್ರಿಗೆ ಶನಿವಾರ ಭಾನುವಾರ ಬೆಂಗಳೂರಿನಿಂದ ಚಾರಣಕ್ಕೆ ಬರುವವರು ಹೆಚ್ಚಾಗಿದ್ದರು. ಅವರನ್ನು ಕರೆದೊಯ್ಯುವ ಒಂದು ಸಣ್ಣ ಸಂಸ್ಥೆಯಲ್ಲಿ ಊಟದ ಚೀಲ ಹೊರುವ ಸಹಾಯಕಿಯಾಗಿ ಸೇರಿದಳು. ಚೀಲ ಹೊರುತ್ತಲೇ ದಾರಿ ತೋರಿಸುವುದೂ ಅವಳೇ ಆದಳು. ಕಾಲು ಉಳುಕಿದವರನ್ನು ಬೆನ್ನ ಮೇಲೆ ಹೊತ್ತು ಇಳಿಸಿದ್ದೂ ಇದೆ. ಜಾರುವ ಹಾಸುಬಂಡೆಯ ಮೇಲೆ ಅವಳು ಕಾಲಿನತ್ತ ನೋಡದೆ ನಡೆಯುವುದನ್ನು ನೋಡಬೇಕು. ಪಾದಕ್ಕೇ ಕಣ್ಣಿದ್ದಂತೆ. ಆದರೂ ಗುಂಪಿನ ಮುಂದಾಳು ಎಂದು ಟೀ ಶರ್ಟಿನ ಮೇಲೆ ಬರೆಸಿಕೊಂಡು ಹೋಗುತ್ತಿದ್ದವನು ಬೇರೆ ಒಬ್ಬ. ಸಂಸ್ಥೆಯ ಮಾಲೀಕರು ಒಳ್ಳೆಯವರೇ. ಅವರು ನೇರವಾಗಿ ಹೇಳಿದರು.

“ನಿಮ್ಮನ್ನೇ ಲೀಡರ್ ಮಾಡ್ತೀನಿ. ಆದ್ರೆ ಪರ್ವತಾರೋಹಣದ ಬೇಸಿಕ್ ಕೋರ್ಸ್ ಸರ್ಟಿಫಿಕೇಟ್ ಬೇಕು. ಅದಿಲ್ದೆ ನಂಗೆ ಆಗಲ್ಲ.”

ಅಂದರೆ ಹಿಮಾಲಯದಲ್ಲಿ ಸುಮಾರು ಒಂದು ತಿಂಗಳು. ಅದು ಬಂದರೆ ಅಕ್ಕ ಮುಂದೆ ನಡೆಯುವವಳು, ಬಾರದಿದ್ದರೆ ಕೊನೆಯ ತನಕ ಹಿಂದೆ ಚೀಲ ಹೊರುವವಳು. ಲೆಕ್ಕ ಅಷ್ಟು ಸರಳವಿತ್ತು.

ಅಕ್ಕನಿಗೆ ಹಿಂದಿ ಬರುತ್ತಿರಲಿಲ್ಲ. ಒಬ್ಬಳನ್ನೇ ಅಷ್ಟು ದೂರ ಕಳಿಸಲು ಅಮ್ಮನಿಗೆ ಧೈರ್ಯವಿರಲಿಲ್ಲ. “ಮಾತಿಗೆ ಜೊತೆ ನೀ ಹೋಗೆ” ಎಂದಳು. ಬೇಸಿಗೆ ರಜೆ ಇತ್ತು. ನಾನೂ ಅರ್ಜಿ ಹಾಕಿದೆ. ನಾನು ಹೋದದ್ದು ಮಾತಿಗೆ ಜೊತೆಯಾಗಿ. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು, ನಾನಂತೂ ಮರೆತಿಲ್ಲ.

ಹೊರಡುವ ಮುಂಚಿನ ತಿಂಗಳುಗಳಲ್ಲಿ ಇಬ್ಬರೂ ತಯಾರಿ ನಡೆಸಿದೆವು. ನಾನು ಭಾನುವಾರ ಕುಂದಾದ್ರಿ ಹತ್ತುತ್ತಿದ್ದೆ. ಅಕ್ಕ ಬೆನ್ನಚೀಲದಲ್ಲಿ ಜಂಬಿಟ್ಟಿಗೆ ತುಂಡುಗಳನ್ನು ತುಂಬಿಕೊಂಡು ಕೊಡಚಾದ್ರಿ ಹತ್ತುತ್ತಿದ್ದಳು. ಒಮ್ಮೆ ನಾನೂ ಅವಳ ಜೊತೆ ಹೋಗಿ ತುದಿಯಲ್ಲಿ ಅವಳ ಮಣಿಕಟ್ಟು ಹಿಡಿದು ನಾಡಿ ನೋಡಿದೆ. ನನ್ನದು ಇನ್ನೂ ಕುಣಿಯುತ್ತಿತ್ತು. ಅವಳದು ಆಗಲೇ ಮಧ್ಯಾಹ್ನದ ಎಮ್ಮೆಯ ಹಾಗೆ ಮಲಗಿತ್ತು.

“ಎಂತ ಹೇಳ್ತದೆ?” ಎಂದು ಕೇಳಿದಳು.

“ನಿಂಗೆ ಹಿಮಾಲಯ ಸಾಕಾಗಲ್ಲ ಅಂತದೆ.”

ಆ ಮಾತನ್ನು ನಾನು ನಂಬಿಯೇ ಹೇಳಿದ್ದೆ.

ತರಬೇತಿ ಸಂಸ್ಥೆಯಲ್ಲಿ ಕಲಿಸುವವರನ್ನು ಉಸ್ತಾದ್ ಎನ್ನುತ್ತಾರೆ. ನಮ್ಮ ಉಸ್ತಾದ್ ಆ ಕಡೆಯ ಬೆಟ್ಟದವರೇ. ಗಿಡ್ಡ ಆಳು, ಮಾತು ಕಡಿಮೆ. ಮೊದಲ ದಿನವೇ ಅವರು ಎತ್ತರದ ಬಗ್ಗೆ ಹೇಳಿದ್ದನ್ನು ನಾನು ಅಕ್ಕನಿಗೆ ಕನ್ನಡದಲ್ಲಿ ಹೇಳಿದೆ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಒಂದು ಉಸಿರಿಗೆ ಇಲ್ಲಿ ಸಿಗುವಷ್ಟು ಆಮ್ಲಜನಕ ಅಲ್ಲಿ ಸಿಗುವುದಿಲ್ಲ. ದೇಹ ಅದಕ್ಕೆ ತನ್ನದೇ ದಾರಿ ಹುಡುಕುತ್ತದೆ. ಉಸಿರು ಆಳವಾಗುತ್ತದೆ, ಬೇಗ ಬೇಗ ಬರುತ್ತದೆ. ಕೂತಲ್ಲೇ ಎದೆ ಹೊಡೆದುಕೊಳ್ಳುತ್ತದೆ. ಮೂತ್ರ ಹೆಚ್ಚಾಗುತ್ತದೆ, ಹಸಿವು ಹೋಗುತ್ತದೆ, ನಿದ್ದೆ ತುಂಡಾಗುತ್ತದೆ. ದಿನಗಳು ಕಳೆದಂತೆ ಹೊಂದಿಕೊಳ್ಳುತ್ತದೆ, ವಾರಗಳು ಕಳೆದರೆ ರಕ್ತದಲ್ಲಿ ಕೆಂಪುಕಣಗಳೂ ಹೆಚ್ಚುತ್ತವೆ. ಆದರೆ ಅವಸರ ಮಾಡಬಾರದು. ತಲೆನೋವು ಬಂದರೆ ಆ ಕ್ಷಣವೇ ಹೇಳಬೇಕು. ಹೇಳುವುದು ಸೋಲಲ್ಲ.

ಅಕ್ಕ ತಲೆಯಾಡಿಸಿದಳು. ಕೊನೆಯ ಎರಡು ವಾಕ್ಯಗಳನ್ನು ನಾನು ಸರಿಯಾಗಿಯೇ ಹೇಳಿದೆ. ಆದರೆ ಅವಳು ಬೆಳೆದ ಕಡೆಯಲ್ಲಿ ಆ ವಾಕ್ಯಕ್ಕೆ ಜಾಗವೇ ಇರಲಿಲ್ಲ ಎಂಬುದು ನನಗೆ ಹೊಳೆಯಲಿಲ್ಲ.

ಮೊದಲ ವಾರ ಅಕ್ಕನದೇ ರಾಜ್ಯ. ಬಂಡೆ ಹತ್ತುವುದು, ಹಗ್ಗದಲ್ಲಿ ಇಳಿಯುವುದು, ಭಾರ ಹೊತ್ತು ನಡೆಯುವುದು, ಎಲ್ಲದರಲ್ಲೂ ಮುಂದು. ಭಾಷೆ ಬಾರದಿದ್ದರೂ ಪಂಜಾಬಿನ ಹುಡುಗಿಯರೂ ಮಣಿಪುರದ ಹುಡುಗಿಯರೂ ಅವಳ ಸುತ್ತ. ಉಸ್ತಾದ್ ನನ್ನನ್ನು ಕರೆದು, “ನಿನ್ನ ದೀದಿ ಮೊದಲು ಏನು ಮಾಡುತ್ತಿದ್ದಳು?” ಎಂದು ಹಿಂದಿಯಲ್ಲಿ ಕೇಳಿದರು. ಕಲ್ಲು ಹೊರುತ್ತಿದ್ದಳು ಎಂದೆ. “ಹಾಗಾದರೆ ನೀನು?” ಎಂದರು. ನಾನು ಓದುತ್ತಿದ್ದೆ ಎಂದೆ. ಅಕ್ಕ ದೂರದಿಂದಲೇ, “ಎಂತ ಕೇಳಿದ್ರೇ?” ಎಂದಳು. “ಊಟ ಆಯ್ತಾ ಅಂದ್ರು” ಎಂದು ಸುಳ್ಳು ಹೇಳಿದೆ.

ಆಮೇಲೆ ಎತ್ತರಕ್ಕೆ ಹೋದೆವು. ಮೂರು ಕೊಡಚಾದ್ರಿಗಳನ್ನು ಒಂದರ ಮೇಲೊಂದು ಇಟ್ಟರೆ ಎಷ್ಟೋ ಅಷ್ಟು. ಮರಗಳು ಮುಗಿದವು, ಹುಲ್ಲು ಮುಗಿಯಿತು, ಉಳಿದದ್ದು ಕಲ್ಲು ಮತ್ತು ಹಿಮ. ಆ ನಡಿಗೆಯಲ್ಲಿ ನಾನು ಎಲ್ಲರಿಗಿಂತ ಹಿಂದೆ. ನಾಲ್ಕು ಹೆಜ್ಜೆ, ನಿಲ್ಲು, ಉಸಿರು. ಬಾಯಿ ತೆರೆದು ಗಾಳಿ ಎಳೆದರೂ ಖಾಲಿ ಕೊಡ ಎತ್ತಿ ಬಾಯಿಗೆ ಸುರಿದುಕೊಂಡ ಹಾಗೆ. ಅಕ್ಕ ಮುಂದೆ ಹೋಗಿ ತನ್ನ ಚೀಲ ಇಳಿಸಿ, ವಾಪಸ್ ಬಂದು ನನ್ನ ಚೀಲವನ್ನೂ ಹೊತ್ತಳು. ನಾನು ಕೊಟ್ಟೆ. ಬೇಡ ಎನ್ನುವಷ್ಟು ಉಸಿರು ನನ್ನಲ್ಲಿರಲಿಲ್ಲ.

ಎರಡು ದಿನ ಕಳೆಯಿತು. ನನಗೆ ಹಸಿವಾಯಿತು. ಇದು ವಿಚಿತ್ರವಾದ ಸುದ್ದಿಯಂತೆ ನನ್ನೊಳಗಿನಿಂದ ಬಂತು. ಬೆಳಿಗ್ಗೆ ಎದ್ದಾಗ ಎದೆ ಶಾಂತವಾಗಿತ್ತು. ಪರೋಟಾ ಎರಡನೇ ಸಲ ಹಾಕಿಸಿಕೊಂಡೆ. ಎದುರಿಗೆ ಕುಳಿತ ಅಕ್ಕ ತನ್ನ ತಟ್ಟೆಯದನ್ನೂ ನನ್ನ ತಟ್ಟೆಗೆ ಸರಿಸಿ, “ಎಣ್ಣೆ ಜಾಸ್ತಿ, ನೀ ತಿನ್ನು” ಎಂದಳು. ತಿಂದೆ. ಕೊರೋನಾ ಕಾಲದಲ್ಲಿ ಆಶಾ ಕಾರ್ಯಕರ್ತೆ ಬೆರಳಿಗೆ ಸಿಕ್ಕಿಸಿದ್ದ, ರಕ್ತದ ಆಮ್ಲಜನಕ ಅಳೆಯುವ ಅದೇ ಕ್ಲಿಪ್ಪನ್ನು ಅಲ್ಲಿಯೂ ದಿನಾ ಸಿಕ್ಕಿಸುತ್ತಿದ್ದರು. ಅಕ್ಕನ ಅಂಕಿ ನನ್ನದಕ್ಕಿಂತ ಸ್ವಲ್ಪ ಕೆಳಗಿತ್ತು. ಅದೊಂದರಿಂದಲೇ ಏನೂ ಹೇಳಲಾಗದು ಎಂದ ಉಸ್ತಾದ್ ತಲೆನೋವು ಇದೆಯಾ ಎಂದು ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ. ಅವಳು “ಎಂತ ಇಲ್ಲ” ಎಂದಳು. ನಾನು ಹಿಂದಿಯಲ್ಲಿ ಇಲ್ಲ ಎಂದೆ.

ಮಾರನೆಯ ಬೆಳಿಗ್ಗೆ ಹಿಮನದಿಯ ಅಂಚಿಗೆ ಹಗ್ಗಗಳನ್ನು ಸಾಗಿಸಬೇಕಿತ್ತು. ಎಲ್ಲರೂ ತಮ್ಮ ಪಾಲಿನದು ತೆಗೆದುಕೊಂಡರು. ಅಕ್ಕ ಎರಡು ಸುರುಳಿ ಎತ್ತಿಕೊಂಡು ಮೂರನೆಯದಕ್ಕೆ ಕೈ ಚಾಚಿದಳು. ಹುಡುಗಿಯರು ಶಹಬ್ಬಾಸ್ ಎಂದರು. ಅವಳು ಹೆಲ್ಮೆಟ್ ಹಾಕಿಕೊಳ್ಳಲು ಉಣ್ಣೆಯ ಟೋಪಿಯನ್ನು ಸ್ವಲ್ಪ ಮೇಲಕ್ಕೆ ಸರಿಸಿದಳು. ಕೆಳಗೆ ಅಮ್ಮನ ಹಳೆಯ ಸೀರೆಯಿಂದ ಹರಿದ ನೀಲಿ ಬಟ್ಟೆ ಇತ್ತು, ಬಿಗಿಯಾಗಿ ಸುತ್ತಿದ್ದು. ಗಂಟು ಹಣೆಯ ಮೇಲೆ, ಹುಬ್ಬಿನ ನೇರಕ್ಕೆ.

ಆ ಕ್ಯಾಂಪಿನಲ್ಲಿದ್ದ ಎಲ್ಲರಿಗೂ ಅದು ಚಳಿಗೆ ಕಟ್ಟಿದ ಬಟ್ಟೆ. ವರ್ಷಗಟ್ಟಲೆ ಹಿಮದಲ್ಲಿ ಓಡಾಡಿದ ಉಸ್ತಾದರಿಗೂ ಅಷ್ಟೆ. ಅದನ್ನು ಓದಬಲ್ಲವಳು ಅಲ್ಲಿ ನಾನೊಬ್ಬಳೇ.

ಹತ್ತಿರ ಹೋಗಿ, “ತಲೆ ನೋಯ್ತಿದ್ಯಾ?” ಎಂದೆ.

“ಎಂತ ಇಲ್ಲ.”

“ಗಂಟು ಕಾಣ್ತು.”

“ಚಳಿಗೆ ಕಟ್ಟಿದ್ದು.”

“ಚಳಿಗೆ ಕಟ್ಟಿದ್ರೆ ಗಂಟು ಹಿಂದಿರ್ತಿತ್ತು.”

ಟೋಪಿಯನ್ನು ಕೆಳಗೆ ಎಳೆದುಕೊಂಡಳು. “ನೀ ಸುಮ್ಮನಿರೇ ಕೂಸೆ. ಹೊತ್ರೆ ಹೋಗ್ತದೆ.”

“ಇದು ಕ್ವಾರಿ ತಲೆನೋವಲ್ಲ ಅಕ್ಕ.”

“ತಲೆ ಅದೇ ಅಲ್ದಾ?”

ನಾನು ಉಸ್ತಾದರ ಕಡೆ ನೋಡಿದೆ. ಅವಳು ನನ್ನ ತೋಳು ಹಿಡಿದಳು. ಹಿಡಿತದಲ್ಲಿ ಎಂದಿನ ಬಲ ಇರಲಿಲ್ಲ. ದನಿ ತಗ್ಗಿಸಿ, “ಹೇಳ್ಬೇಡ. ನಿಂಗೆ ಬೇಕಾದಷ್ಟು ಸರ್ಟಿಫಿಕೇಟ್ ಇದಾವೆ. ನಂಗೆ ಇದೊಂದೇ” ಎಂದಳು.

ಅವಳು ತಿರುಗಿ ನಡೆದಳು. ನಾನು ಅವಳ ಪಾದಗಳನ್ನೇ ನೋಡಿದೆ. ಕೊಡಚಾದ್ರಿಯ ಹಾಸುಬಂಡೆಯ ಮೇಲೆ ಕಾಲಿನತ್ತ ನೋಡದೆ ನಡೆಯುವವಳು ಇಲ್ಲಿ, ಸಮತಟ್ಟಾದ ಹಿಮದ ಮೇಲೆ, ಎಡಗಾಲು ಎಲ್ಲಿ ಬೀಳುತ್ತದೆ ಎಂದು ನೋಡಿ ನೋಡಿ ಇಡುತ್ತಿದ್ದಳು. ನೋಡಿ ಇಟ್ಟರೂ ಅದು ಬೇರೆಲ್ಲೋ ಬೀಳುತ್ತಿತ್ತು. ಎತ್ತರದಲ್ಲಿ ಮಿದುಳಿನೊಳಗೆ ನೀರು ತುಂಬಿಕೊಳ್ಳತೊಡಗಿದರೆ ನಡಿಗೆ ಮೊದಲು ತಪ್ಪುತ್ತದೆ ಎಂದು ನನಗೆ ಗೊತ್ತಿತ್ತು. ಓದಿದ್ದೆ.

ನಾನು ಉಸ್ತಾದರ ಬಳಿ ಹೋಗಿ ಹೇಳಿದೆ. “ದೀದಿ ಕೇ ಸಿರ್ ಮೇಂ ದರ್ದ್ ಹೈ.” ಅಕ್ಕನಿಗೆ ತಲೆನೋವಿದೆ, ಅಷ್ಟು ಚಿಕ್ಕ ಮಾತು. ನನ್ನನ್ನು ಅಲ್ಲಿಗೆ ಕಳಿಸಿದ್ದೇ ಅಕ್ಕನ ಮಾತನ್ನು ಹಿಂದಿಯಲ್ಲಿ ಹೇಳಲಿ ಎಂದು. ಅವಳು ಆಡಬೇಡ ಎಂದ ಮಾತನ್ನೇ ಹೇಳಿದೆ.

ಉಸ್ತಾದ್ ಹಿಮಗೊಡಲಿಯ ತುದಿಯಿಂದ ಹಿಮದ ಮೇಲೆ ಒಂದು ಗೆರೆ ಎಳೆದರು. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ಗೆರೆಯ ಮೇಲೆ ನಡೆ ಎಂದು ಅಭಿನಯಿಸಿ ತೋರಿಸಿದರು. ಅಕ್ಕ ಹಗ್ಗಗಳನ್ನು ಇಳಿಸಿ ಗೆರೆಯ ಮುಂದೆ ನಿಂತಳು. ಎರಡು ಹೆಜ್ಜೆ ಇಟ್ಟಳು. ಮೂರನೆಯದಕ್ಕೆ ಪಕ್ಕಕ್ಕೆ ವಾಲಿ ಕೈಯೂರಿದಳು. ಎದ್ದು ಮತ್ತೆ ಮೊದಲಿನಿಂದ ಶುರುಮಾಡಿದಳು. ಯಾರೂ ಹೇಳಿರಲಿಲ್ಲ. ಮತ್ತೆ ಕೈಯೂರಿದಳು. ಮೂರನೆಯ ಸಲ ಉಸ್ತಾದರೇ ಬೂಟಿನಿಂದ ಗೆರೆಯನ್ನು ಅಳಿಸಿಬಿಟ್ಟರು.

ಕೂಡಲೇ ಕೆಳಗೆ ಇಳಿಸಬೇಕೆಂದರು. ಇಬ್ಬರು ಸಿಬ್ಬಂದಿ, ಒಂದು ಆಮ್ಲಜನಕದ ಸಿಲಿಂಡರ್. ನಾನೂ ಹೋಗುತ್ತೇನೆ ಎಂದೆ. ಹೋದರೆ ಅಗತ್ಯದ ಪಾಠಗಳು ತಪ್ಪಿ ನಿನಗೂ ಸರ್ಟಿಫಿಕೇಟ್ ಸಿಗುವುದಿಲ್ಲ, ಅವಳನ್ನು ನೋಡಿಕೊಳ್ಳಲು ಕೆಳಗೆ ಡಾಕ್ಟರ್ ಇದ್ದಾರೆ ಎಂದರು. ಅಕ್ಕನಿಗೆ ಅದನ್ನು ಹೇಳಬೇಕಾದವಳೂ ನಾನೇ.

“ನೀನಿರು” ಎಂದಳು, ನನ್ನತ್ತ ನೋಡದೆ. “ಇಬ್ರೂ ಇಳಿದ್ರೆ ಮಾವಂಗೆ ಹಬ್ಬ.”

ನಾನು ಉಳಿದೆ.

ಸರಿಯಾದದ್ದನ್ನೇ ಮಾಡಿದೆ ಎಂದು ನನಗೆ ಗೊತ್ತು. ಕೆಳಗಿನ ಡಾಕ್ಟರೂ ಆಮೇಲೆ ಅದನ್ನೇ ಹೇಳಿದರು. ಇನ್ನು ಸ್ವಲ್ಪ ತಡವಾಗಿದ್ದರೂ ಕಷ್ಟವಿತ್ತು, ಇಳಿಯುತ್ತಾ ಇಳಿಯುತ್ತಾ ಅವಳು ಚೇತರಿಸಿಕೊಂಡಳು ಎಂದರು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಎತ್ತರ ಯಾರನ್ನು ಒಪ್ಪುತ್ತದೆ, ಯಾರನ್ನು ಒಪ್ಪುವುದಿಲ್ಲ ಎಂದು ಮೊದಲೇ ಹೇಳಲಾಗುವುದಿಲ್ಲವಂತೆ. ದೇಹ ಎಷ್ಟು ಗಟ್ಟಿ ಎಂಬುದು ಲೆಕ್ಕಕ್ಕಿಲ್ಲ. ಗಟ್ಟಿ ಇದ್ದವರೇ ಬೇಗ ಹತ್ತುತ್ತಾರೆ, ಭಾರ ಹೊರುತ್ತಾರೆ, ನೋವು ಹೇಳುವುದಿಲ್ಲ, ಹಾಗಾಗಿ ಸಿಕ್ಕಿಬೀಳುತ್ತಾರೆ. ಇಷ್ಟೆಲ್ಲ ಗೊತ್ತಿದ್ದೂ ನನ್ನ ಎದೆ ಹಗುರಾಗಲಿಲ್ಲ. ತಪ್ಪು ಮಾಡಿದವರು ಕ್ಷಮೆ ಕೇಳಬಹುದು. ಸರಿ ಮಾಡಿದವರು ಏನು ಕೇಳಬೇಕು?

ಇನ್ನೂ ಒಂದು ಹೇಳಬೇಕು. ಉಳಿದ ದಿನಗಳಲ್ಲಿ ನನ್ನ ದೇಹ ನನಗೇ ನಾಚಿಕೆಯಾಗುವಷ್ಟು ಚೆನ್ನಾಗಿತ್ತು. ಉಸಿರು ತಾನಾಗಿ ತನ್ನ ಹದ ಕಂಡುಕೊಂಡಿತ್ತು. ಕೊನೆಯ ದಿನ ನಮ್ಮನ್ನು ಕರೆದೊಯ್ದ ದಿಬ್ಬದ ತುದಿಯಲ್ಲಿ ನಿಂತಾಗ ಸೂರ್ಯ ಹಿಮದ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ನನಗೆ ಸಂತೋಷವಾಯಿತು. ತುಂಬಾ ಸಂತೋಷವಾಯಿತು. ಅಕ್ಕನ ನೆನಪು ಬಂದದ್ದು ಆಮೇಲೆ, ಇಳಿಯುವಾಗ. ಆ ನಡುವಿನ ಹೊತ್ತು ಇದೆಯಲ್ಲ, ಅವಳನ್ನು ಮರೆತು ನಾನು ಖುಷಿಯಾಗಿದ್ದ ಹೊತ್ತು, ಅದು ಈಗಲೂ ಮುಳ್ಳಿನ ಹಾಗೆ ಒಳಗಿದೆ.

ಕೋರ್ಸ್ ಮುಗಿಯುವ ತನಕ ಕೆಳಗೇ ಕಾದಿದ್ದ ಅಕ್ಕ ವಾಪಸ್ ಬರುವ ರೈಲಿನಲ್ಲಿ ಜಗಳವಾಡಲಿಲ್ಲ. ಕಿತ್ತಳೆ ಸುಲಿದು ಅರ್ಧ ನನಗೆ ಕೊಟ್ಟಳು. ಕಿಟಕಿಯ ಸೀಟು ಬಿಟ್ಟುಕೊಟ್ಟಳು. ಮಾತು ಮಾತ್ರ ಆಡಲಿಲ್ಲ. ಸಾಗರದಲ್ಲಿ ಇಳಿದು ಹೊಸನಗರದ ಬಸ್ಸು ಹತ್ತಿದೆವು. ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಮಾವ ನಿಂತಿದ್ದರು.

“ಎಲ್ಲಿ, ತೋರ್ಸು ನೋಡನ” ಎಂದರು ಅಕ್ಕನಿಗೆ.

“ಇವ್ಳಿಗೆ ಸಿಕ್ತು” ಎಂದಳು ಅಕ್ಕ.

ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರು ಗೇಲಿ ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಗೇಲಿ ಮಾಡಲಿಲ್ಲ. “ಹೊರಟೋಳು ಅವ್ಳು, ತಂದೋಳು ನೀನು” ಎಂದು ನಮ್ಮ ಚೀಲ ಎತ್ತಿಕೊಂಡು ಮುಂದೆ ನಡೆದರು. ಡಿಗ್ರಿಗೂ ಆ ಮಾತು ಹೊಂದುತ್ತಿತ್ತು. ಅವರು ಅದನ್ನು ಉದ್ದೇಶಿಸಿದ್ದರೋ ಇಲ್ಲವೋ.

ಆ ಸರ್ಟಿಫಿಕೇಟನ್ನು ನಾನು ಮನೆಯಲ್ಲಿ ಇಡಲಿಲ್ಲ. ತೀರ್ಥಹಳ್ಳಿಗೆ ತೆಗೆದುಕೊಂಡು ಹೋಗಿ ಶಾಲೆಯ ಬೀರುವಿನಲ್ಲಿ ವಾಲಿಬಾಲ್ ನೆಟ್ಟಿನ ಕೆಳಗೆ ಇಟ್ಟೆ. ಅಕ್ಕ ಮತ್ತೆ ಊಟದ ಚೀಲ ಹೊತ್ತಳು. ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ನಾನು ಶಾಲೆಯ ಮಕ್ಕಳನ್ನು ಕೊಡಚಾದ್ರಿಗೆ ಕರೆದುಕೊಂಡು ಹೋಗಿದ್ದೆ. ಕಾಡು ತೆರೆದು ಹುಲ್ಲು ಶುರುವಾಗುವ ತಿರುವಿನಲ್ಲಿ ಅಕ್ಕನ ಗುಂಪು ಎದುರಾಯಿತು. ಟೀ ಶರ್ಟಿನ ಯುವಕ ಮುಂದೆ, ಅಕ್ಕ ಕೊನೆಯಲ್ಲಿ. ನನ್ನ ಮಕ್ಕಳು, “ಟೀಚರ್, ನಿಮ್ಮಕ್ಕ” ಎಂದು ಕೂಗಿದರು. ಅಕ್ಕ ಚೀಲದಿಂದ ಮಂಡಕ್ಕಿ ತೆಗೆದು ಎಲ್ಲರಿಗೂ ಹಂಚಿದಳು. ನನಗೂ ಒಂದು ಹಿಡಿ ಕೊಟ್ಟಳು.

ಬೇಸಿಗೆ ಹತ್ತಿರ ಬಂದಾಗ ಅವಳೇ ಫೋನ್ ಮಾಡಿದಳು. ಮತ್ತೆ ಹೋಗುತ್ತೇನೆ, ತರಬೇತಿಯವರು ಇನ್ನೊಂದು ಅವಕಾಶ ಕೊಡುತ್ತಾರಂತೆ ಎಂದಳು. ನಾನು ಏನನ್ನೂ ಯೋಚಿಸದೆ, ನಾನೂ ಬರುತ್ತೇನೆ ಎಂದೆ.

“ನೀ ಬೇಡ.”

ಆಮೇಲೆ ಅವಳೇ ಕೇಳಿದಳು.

“ತಲೆ ನೋಯ್ತದೆ ಅನ್ನದಕ್ಕೆ ಹಿಂದೀಲಿ ಎಂತ ಅಂದೆ ನೀನು ಅವತ್ತು?”

ಹೇಳಿದೆ. ನನ್ನ ತಲೆ ಎನ್ನಲು ಮೊದಲು ‘ಮೇರೇ’ ಸೇರಿಸಬೇಕು ಎಂದೆ. ಅವಳು ಅದನ್ನು ಹೇಳಿ ನೋಡಿದಳು. ಮತ್ತೆ ಹೇಳಿದಳು. ಹಿಂದಿನಿಂದ ಅಮ್ಮ, “ಯಾರಿಗೇ ಬೈತಿದೀಯಾ?” ಎನ್ನುವುದು ಕೇಳಿಸಿತು. ಹೊರಡುವ ಹಿಂದಿನ ದಿನ ನಾನು ಊರಿಗೆ ಹೋದಾಗಲೂ ಅಕ್ಕ ಅಕ್ಕಿ ಆರಿಸುತ್ತಾ ಅದನ್ನೇ ಗುನುಗುತ್ತಿದ್ದಳು. ಮೇರೇ ಸಿರ್ ಮೇಂ ದರ್ದ್ ಹೈ. ಮೇರೇ ಸಿರ್ ಮೇಂ ದರ್ದ್ ಹೈ. ನೀಲಿ ಬಟ್ಟೆಯನ್ನು ಚೀಲಕ್ಕೆ ಹಾಕುತ್ತಾಳೋ ಎಂದು ನಾನು ಕದ್ದು ನೋಡಿದೆ. ಹಾಕಲಿಲ್ಲ. ಅದು ಒಲೆಯ ಬಳಿ ಪಾತ್ರೆ ಇಳಿಸುವ ಮಸಿಬಟ್ಟೆಯಾಗಿತ್ತು.

ಆ ತಿಂಗಳು ನಾನು ಯಾವ ದೇವರಿಗೂ ಹರಕೆ ಹೊರಲಿಲ್ಲ. ಬೆಳಿಗ್ಗೆ ಓಡುವುದನ್ನೂ ಬಿಟ್ಟೆ. ನನ್ನ ಉಸಿರು ಸುಲಭವಾಗಿ ಬರುವುದೇ ನನಗೆ ಬೇಡವಾಗಿತ್ತು.

ಅಕ್ಕ ವಾಪಸ್ ಬಂದ ದಿನ ಮಾವ ನಮ್ಮ ಜಗುಲಿಯ ಮೇಲೆ ಅದೇ ಜಾಗದಲ್ಲಿದ್ದರು. ಅಕ್ಕನ ಮುಖ ಬಿಸಿಲಿಗೂ ಹಿಮಕ್ಕೂ ಸುಟ್ಟು ಸಿಪ್ಪೆ ಏಳುತ್ತಿತ್ತು. ಚೀಲದಿಂದ ಪ್ಲಾಸ್ಟಿಕ್ ಫೈಲ್ ತೆಗೆದಳು. ಮಾವ ಕೈ ಚಾಚಿದರು. ಅವಳು ಕೊಡಲಿಲ್ಲ, ದೂರದಿಂದಲೇ ತೋರಿಸಿದಳು.

“ಫೋಟೋ ಇಲ್ವಲ್ಲೇ ಇದ್ರಲ್ಲಿ. ನೀನೇ ಅಂತ ನಂಬೋದು ಹೆಂಗೆ?” ಎಂದರು ಮಾವ.

“ಮೂಗಿನ ಸಿಪ್ಪೆ ನೋಡಿ ನಂಬಿ ಮಾವ.”

ಅವರು ನಕ್ಕುಬಿಟ್ಟರು. ಆಗಲ್ಲ ಎಂದಿದ್ದ ಬಾಯಿ ಅದೇ. ಸೋತದ್ದಕ್ಕೆ ಅವರಿಗೆ ಬೇಸರವೇನೂ ಇದ್ದಂತೆ ಕಾಣಲಿಲ್ಲ. ಎಲೆಯಡಿಕೆಯ ಚೀಲ ಬಿಚ್ಚಿದರು.

ನಾನು ಕಂಬಕ್ಕೆ ಒರಗಿ ನಿಂತಿದ್ದೆ. “ತಲೆ ನೋಯ್ತಾ?” ಎಂದು ಕೇಳಿದೆ. ವರ್ಷದಿಂದ ಅವಳಲ್ಲಿ ಕೇಳಬೇಕೆಂದಿದ್ದದ್ದು ಬೇರೆ, ಬಾಯಿಗೆ ಬಂದದ್ದು ಇದು.

“ನೋಯ್ತು. ಅದೇ ಜಾಗದಲ್ಲೇ” ಎಂದಳು. “ಹೇಳ್ದೆ. ಅವತ್ತೇ ಕೆಳಗಿನ ಕ್ಯಾಂಪಿಗೆ ಇಳಿಸಿ ಮಲಗ್ಸಿದ್ರು. ನೀರು ಕುಡಿ, ಸುಮ್ನಿರು, ಎಂತದೂ ಹೊರಬೇಡ ಅಂದ್ರು. ತಲೆ ಹಗುರಾದ ಮೇಲೆ ನಿಧಾನಕ್ಕೆ ಮತ್ತೆ ಕರ್ಕಂಡು ಹೋದ್ರು.”

ಅಮ್ಮ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅಕ್ಕ ಎದ್ದು ಹೋಗಿ ಸರ್ಟಿಫಿಕೇಟನ್ನು ಅವಳ ಕೈಗೆ ಕೊಟ್ಟಳು. ಅಮ್ಮ ಮೊದಲು ಎರಡೂ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು. ಓದಲು ಬಾರದಿದ್ದರೂ ತುಂಬಾ ಹೊತ್ತು ಅದನ್ನೇ ನೋಡಿದಳು. ಅಂಚನ್ನು ಹೆಬ್ಬೆರಳಿನಿಂದ ಸವರಿದಳು.

“ನೋವು ಅಂದ್ರೂ ವಾಪಸ್ ಮನೆಗೆ ಕಳಿಸ್ಲಿಲ್ವಾ ಹಂಗಾರೆ?” ಎಂದು ಕೇಳಿದಳು.

“ಇಲ್ಲಮ್ಮ.”

“ಬೈಲಿಲ್ವಾ?”

“ಇಲ್ಲ.”

ಅಮ್ಮ ಸರ್ಟಿಫಿಕೇಟನ್ನು ಎದೆಗೆ ಹಿಡಿದುಕೊಂಡು ಹೊಸಿಲ ಮೇಲೆ ನಿಧಾನಕ್ಕೆ ಕುಳಿತಳು, ಬಲಗಾಲನ್ನು ಮಡಿಸದೆ ಮುಂದಕ್ಕೆ ಚಾಚಿ. ಅಕ್ಕನನ್ನು ನೋಡಲಿಲ್ಲ. ದೇಹದ ಬಗ್ಗೆ ಓದಿ ಡಿಗ್ರಿ ತಂದ ನನ್ನ ಕಡೆ ನೋಡಿದಳು.

“ನಂಗೂ ಮಂಡಿ ನೋಯ್ತದೆ ಕಣೇ. ಬಲಗಡೇದು. ನಿಮ್ಮಪ್ಪ ಇರಬೇಕಾದ್ರೇ ಶುರುವಾಗಿದ್ದು.”